ಒಂದು ರಿಂಗು, ಆಮೇಲೆ ಕಟ್

ಚರ್ಚಾಸ್ಪರ್ಧೆಯಲ್ಲಿ ಒಂದು ಅನುಕೂಲವಿದೆ. ಎರಡೂ ಪಕ್ಷ ಮಾತಾಡಿ ಮುಗಿಸುವ ತನಕ ತೀರ್ಪುಗಾರರು ಅಂಕ ಹಾಕುವುದಿಲ್ಲ, ಹಾಕಿದರೂ ತೋರಿಸುವುದಿಲ್ಲ. ಧಾರವಾಡದಲ್ಲಿ ಕಾನೂನು ಓದುವಾಗ ಕಾಲೇಜಿನ ತಂಡದಲ್ಲಿದ್ದೆ. ಅಲ್ಲಿ ಕಲಿಸಿದ್ದು ಇಷ್ಟು: ಎದುರಿನವರ ಗಟ್ಟಿ ವಾದವನ್ನು ಮೊದಲು ನೀನೇ ಹೇಳು, ಆಮೇಲೆ ಮುರಿ. ಹಾಗಾಗಿ ಅವ್ವನನ್ನು ಫೋನಿನ ಮುಂದಿನಿಂದ ಎಬ್ಬಿಸಿದವರ ವಾದವನ್ನೇ ಮೊದಲು ಹೇಳುತ್ತೇನೆ. ಅದರಲ್ಲಿ ಹುರುಳಿತ್ತು.

ನಾಸಿಕದ ಅಂಬಡ್‌ನಲ್ಲಿ ಅವ್ವನ ಅಣ್ಣನದೊಂದು ಮೋಟರ್ ವೈಂಡಿಂಗ್ ಅಂಗಡಿ. ನನಗೆ ಅವನು ಮಾಮಾ. ಸುಟ್ಟ ಬೋರ್‌ವೆಲ್ ಮೋಟರುಗಳ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ, ಮೇಲೆ ವಾರ್ನಿಶ್ ಹಾಕಿ ಒಣಗಿಸಿ ಕೊಡುವ ಕೆಲಸ. ಅಪ್ಪ ಬ್ಯಾಂಕಿನವರು, ಬಾಗಲಕೋಟೆಯಿಂದ ವರ್ಗವಾಗಿ ನಾಸಿಕಕ್ಕೆ ಬಂದಾಗ ಅವರ ಬೆನ್ನಿಗೇ ಮಾಮಾನೂ ಬಂದು ಅಂಗಡಿ ಹಾಕಿದ. ಅಂದಿನಿಂದ ಅಲ್ಲಿ ಫೋನಿಗೆ ಕೂತವಳು ಅವ್ವ. ಸಂಬಳವಿಲ್ಲ, ಹುದ್ದೆಯ ಹೆಸರಿಲ್ಲ. ಒಂದು ಕುರ್ಚಿ, ಒಂದು ಮೇಜು, ಒಂದು ಫೋನು. ಆಮೇಲೆ ಅಪ್ಪನಿಗೆ ಸಂಭಾಜಿನಗರಕ್ಕೆ ವರ್ಗವಾದಾಗ ಅವ್ವ ಅವರ ಸಂಗಡ ಹೋಗಲಿಲ್ಲ. "ಅಂಗಡಿ ಫೋನ್ ಯಾರ್ ನೋಡ್ಬೇಕು?" ಅಂದಳು. ಅಪ್ಪ ಅಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಉಳಿದರು.

ಈಗ ಎದುರು ಪಕ್ಷದ ವಾದ. ಅವ್ವ ಫೋನಿನಲ್ಲಿ ಸೌಮ್ಯವಾಗಿರುತ್ತಿರಲಿಲ್ಲ. ಒಬ್ಬರ ಜೊತೆ ಮಾತು ಹತ್ತಿದರೆ ಉಳಿದವರಿಗೆ ಎಂಗೇಜ್ ಟೋನೇ ಗತಿ. ಚಹಾ ಬಂದರೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಕುಡಿದು ಬರುತ್ತಿದ್ದಳು. ಮೋಟರ್ ಆಯ್ತೇ ಅಂತ ಯಾರಾದರೂ ಮೂರನೇ ಸಲ ಕೇಳಿದರೆ, "ಇದೇನ್ ಇಡ್ಲಿ ಐತೇನ್ರಿ, ಉಗಿ ಹಾಯ್ಸಿ ಇಳಿಸಾಕ?" ಎಂಬುದನ್ನು ಮರಾಠಿಯಲ್ಲಿ ಇನ್ನೂ ಖಾರವಾಗಿ ಹೇಳುತ್ತಿದ್ದಳು. ಅವಳ ಹರುಕು ಹಿಂದಿ ಕೇಳಿ ಒಂದು ಕಾರ್ಖಾನೆಯ ಖರೀದಿ ವಿಭಾಗದವರೊಬ್ಬರು ಬೇರೆ ಅಂಗಡಿ ನೋಡಿಕೊಂಡದ್ದೂ ಉಂಟು. ಮಾಮಾ ಸಂಭಾಜಿನಗರದಲ್ಲಿ ಎರಡನೇ ಅಂಗಡಿ ತೆರೆದಾಗ, ಎರಡಕ್ಕೂ ಒಂದೇ ನಂಬರು, ಅದನ್ನು ಸರಿಯಾಗಿ ಹಂಚುವ ವ್ಯವಸ್ಥೆ ಬೇಕು ಅಂತ ಅವನ ಮಗ ಹೇಳಿದ. ಪುಣೆಯಲ್ಲಿ ಎಂಬಿಎ ಮಾಡಿ ಬಂದವನು. ಬೇಕಿತ್ತು, ಒಪ್ಪುತ್ತೇನೆ.

ನಾನು ಒಪ್ಪದ್ದು ಅದಕ್ಕೆ ಅವನು ತಂದ ಸಾಕ್ಷ್ಯವನ್ನು.

ಮಾಮಾನ ಮನೆಯಲ್ಲಿ ಭಾನುವಾರದ ಊಟ, ಕಾಲೇಜಿನ ರಜೆಗೆ ನಾನೂ ಬಂದಿದ್ದೆ. ಊಟದ ಮೇಲೆ ಮಾಮಾನ ಮಗ ಲ್ಯಾಪ್‌ಟಾಪ್ ತಂದು ತಾಟುಗಳ ನಡುವೆ ಜಾಗ ಮಾಡಿ ಇಟ್ಟ. ಫೋನ್ ವ್ಯವಸ್ಥೆ ಮಾರುವ ಕಂಪನಿಯವರು ಪರೀಕ್ಷೆಗೆಂದು ಕೆಲವು ವಾರ ಅಂಗಡಿಯ ಕರೆಗಳನ್ನು ಎಣಿಸಿದ್ದರಂತೆ.

"ಅತ್ತಿ, ತಪ್ಪ್ ತಿಳ್ಕೋಬ್ಯಾಡ್ರಿ. ಇದು ನಿಮ್ಮ ಮ್ಯಾಲೆ ಅಲ್ಲ, ಡೇಟಾ ಅಷ್ಟ. ಅರ್ಧಕ್ಕಿಂತ ಹೆಚ್ಚು ಕಾಲ್ ಯಾರೂ ಎತ್ತಿಲ್ಲ."

ಅವ್ವ ಪರದೆ ನೋಡಲೇ ಇಲ್ಲ. "ಅವು ಎತ್ತೂ ಕಾಲ್ ಅಲ್ಲಪಾ."

"ಅದನ್ನ ನಾನೂ ಹೇಳಾಕತ್ತೀನಿ, ಎತ್ತಿಲ್ಲ ಅಂತ."

"ಎತ್ತಬಾರ್ದು ಅವನ್ನ."

ಮಾಮಾ ನಕ್ಕ. "ಫೋನ್ ಎತ್ತಬಾರ್ದಂತ. ಹಂಗಾದ್ರ ನಾಳಿಂದ ಶಟರ್‌ನೂ ಎತ್ತೂದು ಬ್ಯಾಡ ಬಿಡ್ರಿ."

ಎಲ್ಲರೂ ನಕ್ಕರು. ಅವ್ವನೂ ಸ್ವಲ್ಪ ನಕ್ಕಳು. ಅದೇ ನನಗೆ ಸಿಟ್ಟು ತರಿಸಿದ್ದು.

ವಿಷಯ ಇಷ್ಟು. ನಾಸಿಕದಿಂದ ವೈಜಾಪುರದ ತನಕ ಆ ರಸ್ತೆಯ ಗಿರಾಕಿಗಳೆಲ್ಲ ಅಂಗಡಿಗೆ ಒಂದು ರಿಂಗು ಕೊಟ್ಟು ಕಟ್ ಮಾಡುತ್ತಾರೆ. ಒಂದು ರಿಂಗು ಅಂದರೆ ಊರು ಬಿಟ್ಟಿದ್ದೇನೆ, ಮೋಟರ್ ತಯಾರಿಡಿ. ಎರಡು ಸಲ ಕೊಟ್ಟರೆ ನೀವೇ ತಿರುಗಿ ಮಾಡಿ. ಕರೆಗೆ ಕಾಸು ಬೀಳುತ್ತಿದ್ದ ಕಾಲದ ರೂಢಿ ಅದು. ಈಗ ಮಾತು ಪುಕ್ಕಟೆಯಾದರೂ ರೂಢಿ ಹೋಗಿಲ್ಲ, ಯಾಕೆಂದರೆ ಅದು ಉಳಿತಾಯಕ್ಕಿಂತ ಹೆಚ್ಚಾಗಿ ಮರ್ಯಾದೆ. ಸುಮ್ಮಸುಮ್ಮನೆ ಮಾತಾಡಿಸಿ ಕೆಲಸ ಕೆಡಿಸುವುದು ಬೇಡ, ಸುದ್ದಿ ಮುಟ್ಟಿದರೆ ಸಾಕು. ನಮ್ಮ ವಿಜಯಪುರ ಕಡೆಯ ಗೌಂಡಿಗಳು, ಕಟ್ಟಡದ ಕೆಲಸಕ್ಕೆ ಬಂದು ಕಾಂಕ್ರೀಟು ಅದುರಿಸುವ ಮೋಟರ್ ರಿಪೇರಿಗೆ ಕೊಡುವವರು, ಅವರೂ ಹೀಗೇ. ಅಂಥ ಕರೆಯನ್ನು ಎತ್ತಿದರೆ ಅವ್ವ ತಪ್ಪು ಮಾಡಿದ ಹಾಗೆ. ಅವಳು ಫೋನಿನ ಪರದೆಯಲ್ಲಿ ಹೆಸರು ನೋಡಿ ಒಳಗೆ ಕೂಗುತ್ತಿದ್ದಳು: "ವೈಜಾಪುರದಾವ್ರು ಹೊಂಟಾರ, ವಾರ್ನಿಶ್ ಒಣಗೇತೇನ್ ನೋಡ್ರಿ."

ಇದು ಅವ್ವನೊಬ್ಬಳಿಗೇ ಗೊತ್ತಿದ್ದ ಗುಟ್ಟೇನೂ ಅಲ್ಲ. ಅವ್ವ ಸ್ವತಃ ತಿಂಗಳಿಗೊಮ್ಮೆ ಅಪ್ಪನ ಕಡೆ ಹೋಗಿ ಬರುವಾಗ, ಬಸ್ಸು ವೈಜಾಪುರ ದಾಟಿದ ಮೇಲೆ ತನ್ನ ಮೊಬೈಲಿನಿಂದ ಅಂಗಡಿಗೆ ಒಂದು ರಿಂಗು ಕೊಡುತ್ತಿದ್ದಳು. ಮಾಮಾ ಸ್ಕೂಟರ್ ತೆಗೆದುಕೊಂಡು ನಾಸಿಕದ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದ. ಅಂದರೆ ಈ ರೂಢಿ ಅವನಿಗೂ ಗೊತ್ತಿತ್ತು. ಆ ಭಾನುವಾರ ನಕ್ಕ ಮಾಮಾನಿಗೇ ಗೊತ್ತಿತ್ತು.

"ಸಾಕ್ಷಿ ಕೇಳೋಣ," ಅಂದೆ. "ಎತ್ತದ ಕಾಲ್ ಯಾವ್ಯಾವು ಅಂತ ಅದರಾಗ ಐತೆಲ್ಲ? ಒಂದಕ್ಕ ಈಗ ಮಾಡು, ಸ್ಪೀಕರ್ ಹಾಕಿ."

"ಬಂದ್ರಪಾ ವಕೀಲಬಾಯಿ," ಅಂದ ಮಾಮಾ.

ಮೊದಲ ಕರೆ ವೈಜಾಪುರದ ಗಿರಾಕಿಗೆ. ಆತ ಮರಾಠಿಯಲ್ಲಿ ಗಾಬರಿಯಾಗಿ ಕೇಳಿದ: "ಯಾಕೆ, ಏನಾಯ್ತು? ನಾನು ಒಂದೇ ರಿಂಗು ಕೊಟ್ಟಿದ್ದೆನಲ್ಲ. ಅಂಗಡಿ ಬಂದ್ ಏನು?" ಒಂದು ರಿಂಗಿಗೆ ತಿರುಗಿ ಫೋನ್ ಬಂತೆಂದರೆ ಅಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ಆತನ ಲೆಕ್ಕ. ಎರಡನೆಯದು ಗೌಂಡಿಗಳ ಮೇಸ್ತ್ರಿ, ಮುಕಾದಮನಿಗೆ. "ಅಕ್ಕಾರು ಎಲ್ಲದಾರ್ರಿ? ಆರಾಮ ಅದಾರಿಲ್ಲ?" ಅಂದವನು, ಅಕ್ಕಾರು ಇಲ್ಲೇ ಇದ್ದಾರೆ ಅಂದ ಮೇಲೆ ದನಿ ಬದಲಿಸಿದ. "ಮತ್ತ ಯಾಕ್ ಮಾಡೀರಿ? ಉಣ್ಣಾಕತ್ತೀನಿ ನಾ."

ಮೂರನೆಯದು ಬೇಕಾಗಲಿಲ್ಲ. ಮಾಮಾನ ಮಗ ಎರಡೂ ಕೈ ಮೇಲೆತ್ತಿದ. "ಓಕೆ. ಪಾಯಿಂಟ್ ಒಪ್ಪಿದೆ. ನೀ ಗೆದ್ದಿ."

ನನ್ನ ಜೀವನದಲ್ಲಿ ಅಷ್ಟು ಸ್ವಚ್ಛವಾಗಿ ಗೆದ್ದ ವಾದ ಇನ್ನೊಂದಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿ, ಮಜ್ಜಿಗೆ ಕುಡಿದು, ನನ್ನ ಅಪ್ಪನ ಕಡೆ ತಿರುಗಿ ಹೇಳಿದ: "ಮಾವಾರ, ಬುಧವಾರ ಬರ್ತಾರ್ರಿ ಕಂಪನಿಯವರು, ಫಿಟ್ಟಿಂಗಿಗೆ."

ಅಪ್ಪ ರಜೆಗೆ ಬಂದಿದ್ದರು. "ಛಲೋ ಆತು," ಅಂದರು. ಅವರಿಗೆ ನಿಜವಾಗಿಯೂ ಛಲೋ ಅನಿಸಿತ್ತು. ವರ್ಷಗಟ್ಟಲೆ ಒಬ್ಬರೇ ಅನ್ನ ಸಾರು ಮಾಡಿಕೊಂಡವರು.

ನಾನು ಬಿಡಲಿಲ್ಲ. "ಹಂಗಾದ್ರ ಮಷೀನ್ ನಾಕು ರಿಂಗ್ ಆದಮ್ಯಾಲೆ ಎತ್ತಲಿ. ಕಟ್ ಮಾಡೂವವರು ಕಟ್ ಮಾಡ್ತಾರ, ಮಾತಾಡೂವವರಿಗೆ ಮಷೀನ್ ಸಿಗ್ತೈತಿ. ಅಂಥ ಸೆಟ್ಟಿಂಗ್ ಇರ್ಲೇಬೇಕು."

"ಐತಿ. ಆದ್ರ ಮೊದಲ್ನೇ ರಿಂಗಿಗೆ ಎತ್ತೂದ ಇದರ ಸೆಲ್ಲಿಂಗ್ ಪಾಯಿಂಟ್."

"ಯಾರಿಗೆ ಮಾರೂ ಪಾಯಿಂಟ್?"

"ನಮಗ," ಅಂದ. ಮರೆಮಾಚುವ ಬುದ್ಧಿ ಅವನಿಗಿಲ್ಲ, ಅದನ್ನು ಒಪ್ಪಬೇಕು. "ನಮಗ ಅದನ್ನ ಹೇಳೇ ಮಾರ್ಯಾರ."

ಬುಧವಾರ ಒಂದು ತೊಡಕು ಬಂತು. ಅಂಗಡಿಯ ನಂಬರು ಅಂಗಡಿಯದಾಗಿರಲಿಲ್ಲ, ಅವ್ವನದಾಗಿತ್ತು. ಮಾಮಾ ಬಂದ ಹೊಸತರಲ್ಲಿ ಅವನ ಕಾಗದಪತ್ರವೆಲ್ಲ ಬಾಗಲಕೋಟೆಯ ವಿಳಾಸದಲ್ಲಿದ್ದುದರಿಂದ ಅವ್ವನ ಹೆಸರಿನಲ್ಲಿ ತೆಗೆಸಿದ್ದರು. ಅದೇ ನಂಬರು ಅಂಬಡ್‌ನ ಬೋರ್ಡಿನ ಮೇಲೆ, ವೈಜಾಪುರದ ಗೋಡೆಗಳ ಮೇಲೆ, ದೌಲತಾಬಾದ್ ದಾರಿಯ ಢಾಬಾಗಳ ನೀರಿನ ಟಾಕಿಗಳ ಮೇಲೆ. ಹೊಸ ವ್ಯವಸ್ಥೆಗೆ ಅದು ಸಂಸ್ಥೆಯ ಹೆಸರಿಗೆ ವರ್ಗವಾಗಬೇಕು. ಅದಕ್ಕೆ ಅವ್ವನ ಆಧಾರ್ ಕಾರ್ಡಿಗೆ ಜೋಡಿಸಿದ ಅವಳ ಸ್ವಂತ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ. ಅವಳು ಅದನ್ನು ಹೇಳಬೇಕು.

ಆ ದಿನ ಅವ್ವ ಅಂಗಡಿಗೆ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಮೆಂತೆ ಸೋಸುತ್ತಿದ್ದಳು. ನಾನು ಎದುರು ಕೂತೆ.

"ಕೊಡಬ್ಯಾಡ. ನಿನ್ನ ಹೆಸರಿಲೆ ಐತಿ. ನೀ ಹೇಳೂ ತನಕ ಯಾರೂ ಏನೂ ಮಾಡಾಕ ಬರೂದಿಲ್ಲ. ಅಂಗಡ್ಯಾಗ ನಿನಗ ಒಂದು ಜಾಗ ಬರದು ಕೊಡ್ರಿ, ಆಮ್ಯಾಲೆ ಹೇಳ್ತೀನಿ ಅನ್ನು. ನಾಸಿಕದಾಗ ಬ್ಯಾಡಂದ್ರ ಸಂಭಾಜಿನಗರದ ಅಂಗಡ್ಯಾಗ. ಅಪ್ಪನೂ ಅಲ್ಲೇ ಅದಾರ."

"ಅಲ್ಲಿ ಎಲ್ಲಾ ಮಷೀನ ನೋಡ್ಕೋತೈತಂತ."

"ಅದನ್ನ ನಾ ಹೇಳಾಕತ್ತೀನಿ. ಅದಕ್ಕ ನಂಬರ್ ಬೇಕು. ನಂಬರ್ ನಿನ್ನ ಕಡೆ ಐತಿ."

ಅವಳು ಮೆಂತೆಯ ಬೇರು ಮುರಿಯುತ್ತ ಹೇಳಿದಳು: "ನಿಮ್ಮಜ್ಜ ಹೋದಮ್ಯಾಲೆ ಬಾಗಲಕೋಟಿಗೆ ಹೋಗಿ ಹೊಲದ ಹಕ್ಕು ಬಿಟ್ಟು ಸಹಿ ಮಾಡಿ ಬಂದಕಿ ನಾ. ನೀ ಸಣ್ಣಾಕಿ ಇದ್ದಿ. ಕಚೇರಿ ಮುಂದ ನಿಮ್ಮ ಮಾಮಾ ನಂಗ ಸೀರಿ ಕೊಡ್ಸಿದ. ಹೊಲಾನ ಬಿಟ್ಟಾಕಿಗಿ ನಂಬರ್ ಏನ್ ದೊಡ್ಡದು?"

"ಅದೂ ತಪ್ಪ ಇತ್ತು. ಕಾನೂನು ಪ್ರಕಾರ..."

"ಕಾನೂನು ಪ್ರಕಾರ ನಾಗಪಂಚಮಿಗೆ ತವರಿಗೆ ಯಾರ್ ಕರೀತಾರ? ನಿನ್ನ ಕಾಲೇಜಿನವ್ರು?"

ನಾನೂ ಒಂದು ಹಿಡಿ ಮೆಂತೆ ಎಳೆದುಕೊಂಡೆ. ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು, ಇವತ್ತಿಗೂ ಇದೆ: ಹಕ್ಕು ಬಿಟ್ಟರೆ ಮಾತ್ರ ತೆರೆದಿರುವ ಬಾಗಿಲು ತವರಿನದಲ್ಲ, ಅಂಗಡಿಯದು. ಆದರೆ ಆ ಮಾತು ಅವಳಿಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಗೊತ್ತಿದ್ದೇ ಆರಿಸಿಕೊಂಡವರ ಎದುರು ವಾದ ಮಾಡುವುದನ್ನು ನಮಗೆ ಯಾರೂ ಕಲಿಸಿಲ್ಲ.

ಮೊಬೈಲು ಟಿಣ್ ಅಂತು. ಹಿಂದೆಯೇ ಮಾಮಾನ ಫೋನು. "ಬಂತೇನವಾ ತಂಗಿ?"

"ಬಂತು." ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ಒಂದೊಂದೇ ಅಂಕಿಯನ್ನು ಕನ್ನಡದಲ್ಲಿ ಹೇಳಿದಳು. ಆ ಕಡೆ ಮಾಮಾ ಅದನ್ನು ಮರಾಠಿಯಲ್ಲಿ ತಿರುಗಿ ಹೇಳುತ್ತಿದ್ದ, ಫಿಟ್ಟಿಂಗಿನವರಿಗೆ. ಮುಗಿದ ಮೇಲೆ "ಆತೇನು?" ಅಂತ ಅವ್ವ ಕೇಳಿದಳು. ಅಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

ತಿಂಗಳೊಳಗೆ ಅವ್ವ ಅಪ್ಪನ ಜೊತೆ ಇರಲು ಸಂಭಾಜಿನಗರಕ್ಕೆ ಹೋದಳು. ಅಪ್ಪನ ಬಾಡಿಗೆ ಮನೆಯಿಂದ ಮಾಮಾನ ಎರಡನೇ ಅಂಗಡಿ ಕೂಗಳತೆಯ ದೂರ. ಒಮ್ಮೆ ಆ ಅಂಗಡಿಗೆ ಹೋದಳಂತೆ. ಅಲ್ಲಿನ ಕೆಲಸಗಾರ ಕುರ್ಚಿ ಕೊಟ್ಟು, ಚಹಾ ತರಿಸಿ, ಪಾಹುಣೇ, ಅಂದರೆ ಅತಿಥಿ ಅಂತ ಸತ್ಕಾರ ಮಾಡಿದನಂತೆ. ಅವಳು ಮತ್ತೆ ಹೋಗಲಿಲ್ಲ.

ನಾನು ಆಗಾಗ ಆ ನಂಬರಿಗೆ ಮಾಡಿ ಕೇಳುತ್ತಿದ್ದೆ. ಮೊದಲ ರಿಂಗು ಪೂರ್ತಿಯಾಗುವ ಮುಂಚೆ ಮಷೀನು ಎತ್ತುತ್ತದೆ. ಎಲ್ಲೋ ದುಡ್ಡು ಕೊಟ್ಟು ಓದಿಸಿದ ಹೆಣ್ಣುದನಿ, ಪುಣೆಯ ಸ್ವಚ್ಛ ಮರಾಠಿ. ನಾಸಿಕಕ್ಕೆ ಒಂದು ಒತ್ತಿ, ಸಂಭಾಜಿನಗರಕ್ಕೆ ಎರಡು ಒತ್ತಿ. ವೈಜಾಪುರ ಎರಡರ ನಡುವಿನ ಊರು. ಅಲ್ಲಿಯವರು ಏನು ಒತ್ತಬೇಕೆಂದು ಯಾರೂ ಯೋಚಿಸಿರಲಿಲ್ಲ. ಅವರು ಹಳೇ ರೂಢಿಯಂತೆ ರಿಂಗು ಕೊಡಲು ಹೋಗುತ್ತಾರೆ, ದನಿ ಬಂದೊಡನೆ ಬೆಚ್ಚಿ ಕಟ್ ಮಾಡುತ್ತಾರೆ. ಸುದ್ದಿ ಯಾರಿಗೂ ಮುಟ್ಟುವುದಿಲ್ಲ. ವರದಿಯಲ್ಲಿ ಮಾತ್ರ ಈಗ ಎತ್ತದ ಕರೆ ಒಂದೂ ಇಲ್ಲ.

ಆ ಸಲದ ಪಂಚಮಿಗೆ ಮಾಮಾ ವಾಟ್ಸಾಪಿನಲ್ಲಿ ಕರೆದ. ಮೊದಲಾದರೆ ಬಂದು ಕರೆದೊಯ್ಯುವುದು ಪದ್ಧತಿ. ಅವ್ವ ಶೇಂಗಾ ಉಂಡಿ ಕಟ್ಟಿಕೊಂಡಳು. ನಾನು ಜೊತೆಗಿದ್ದೆ. ಬಸ್ಸು ವೈಜಾಪುರ ದಾಟಿತು. ಅವ್ವ ಪರ್ಸಿನಿಂದ ಮೊಬೈಲು ತೆಗೆದಳು.

"ಮಾಮಾನ ಮೊಬೈಲಿಗೆ ಮಾಡು," ಅಂದೆ.

"ಅವ ಅದನ್ನ ಡ್ರಾದಾಗ ಇಟ್ಟಿರ್ತಾನ. ಮಷೀನ್ ಸಪ್ಪಳದಾಗ ಕೇಳಂಗಿಲ್ಲ. ಅಂಗಡಿಗೆ ಒಂದು ರಿಂಗ್ ಸಾಕು."

ಅವಳಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಕೈ ತಡೆಯಲಿಲ್ಲವೋ, ನಾನು ಕೇಳಲಿಲ್ಲ. ಬೆರಳು ಕೆಂಪು ಗುಂಡಿಯ ಮೇಲೆ ತಯಾರಿತ್ತು. ಅಷ್ಟರಲ್ಲಿ ಆ ದನಿ ಬಂತು. ಅವಳು ಕಟ್ ಮಾಡಲಿಲ್ಲ. ಕಿವಿಗಿಟ್ಟುಕೊಂಡು, ಯಾರೋ ಹಿರಿಯರು ಮಾತಾಡುತ್ತಿದ್ದಾರೆ ಎನ್ನುವ ಹಾಗೆ ಕೊನೆಯ ತನಕ ಕೇಳಿದಳು. ಏನನ್ನೂ ಒತ್ತಲಿಲ್ಲ. ಅದು ತಾನೇ ಬಂದ್ ಆಯಿತು.

ನಾಸಿಕದ ಸ್ಟ್ಯಾಂಡಿನಲ್ಲಿ ಇಳಿದೆವು. ಮಾಮಾ ಯಾವಾಗಲೂ ಸ್ಕೂಟರ್ ನಿಲ್ಲಿಸುವ ಕಬ್ಬಿನ ಹಾಲಿನ ಗಾಡಿಯ ಪಕ್ಕ ಅವ್ವ ಉಂಡಿಯ ಡಬ್ಬಿ ಹಿಡಿದು ನಿಂತಳು. ರಿಕ್ಷಾ ಮಾಡೋಣ ಅಂದೆ. "ತಡಿ, ಟ್ರಾಫಿಕ್ ಇರ್ತೈತಿ," ಅಂದಳು. ಕಬ್ಬಿನ ಹಾಲಿನವನು ಎರಡು ಸಲ ಲೋಟ ತೋರಿಸಿ ಕೇಳಿದ, ಮೂರನೇ ಸಲ ಕೇಳಲಿಲ್ಲ. ಕೊನೆಗೆ ರಿಕ್ಷಾ ಹತ್ತಿದೆವು.

ಮಾಮಾ ಬಾಗಿಲಲ್ಲೇ ಇದ್ದ. "ಅರೆ, ಬಂದ್ರಿ? ಫೋನ್ ಮಾಡಬೇಕಿಲ್ಲೇನವಾ, ಬರ್ತಿದ್ದೆ ನಾ."

ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದಳು. "ಹಬ್ಬದ ದಿನ ನಿಂಗ್ಯಾಕ ತ್ರಾಸು ಅಂತ ಮಾಡ್ಲಿಲ್ಲಣ್ಣಾ," ಅಂದಳು.

ಒಳಗೆ ಕೂತು ನೀರು ಕುಡಿಯುವಾಗ ಅವಳ ಮೊಬೈಲಿಗೆ ಮೆಸೇಜು ಬಂತು. ಓದಲು ನನ್ನ ಕೈಗೆ ಕೊಟ್ಟಳು. ಪ್ರಿಯ ಗ್ರಾಹಕರೇ, ನಮಗೆ ಕರೆ ಮಾಡಿದ್ದಕ್ಕೆ ಧನ್ಯವಾದ, ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಅಂತಿತ್ತು. ಕನ್ನಡದಲ್ಲಿ ಹೇಳಿದೆ.

"ಐದು ಅಂದ್ರ ಭಾಳ ಛಲೋ ಅಂತೇನು?"

"ಹೂಂ."

ಮಾಮಾ ಎದುರಿಗೇ ಕೂತು ಉಂಡಿ ಮುರಿಯುತ್ತಿದ್ದ. ಅವ್ವ ಮೊಬೈಲು ಇಸಿದುಕೊಂಡು ಕಣ್ಣು ಕಿರಿದು ಮಾಡಿ ಐದು ಒತ್ತಿದಳು. ಹೋಯಿತೋ ಇಲ್ಲವೋ ನೋಡು ಅಂತ ಮತ್ತೆ ನನ್ನ ಕೈಗೆ ಕೊಟ್ಟಳು. ಹೋಗಿತ್ತು.