ಊದುಗೊಳವೆ ಹಿಡಿದು ಮರದ ಮೇಲೆ

ಸುಮ್ಮನೆ ಕೂರುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಎರಡು ಸಲ ಅಡುಗೆಮನೆಗೆ ಹೋಗಿ ಅದನ್ನು ಗದರಿಸಿ ಬರುವವಳು ನಾನು. ಯಾರಾದರೂ ಒಂದು ವಾಕ್ಯ ಶುರುಮಾಡಿದರೆ ಅದನ್ನು ಮುಗಿಸುವುದು ಹೆಚ್ಚಾಗಿ ನಾನೇ, ಅದೂ ತಪ್ಪಾಗಿ. ಇಂಥವಳನ್ನು ಮಲೇಷ್ಯಾದ ಒಂದು ಹಲಸಿನ ಮರದ ಮೇಲೆ ತುಟಿ ಪಿಟಕ್ಕೆನ್ನದಂತೆ ಎರಡು ಬೆಳಗು ಕೂರಿಸಿದ್ದು ಒಂದು ಹೆಣ್ಣು ಜಿಂಕೆ. ಅದಕ್ಕೆ ನಾನು ಮಾಡಿದ ಉಪಕಾರಕ್ಕಿಂತ ಅದು ನನಗೆ ಮಾಡಿದ್ದೇ ಹೆಚ್ಚು ಎಂದು ಈಗಲೂ ಅನಿಸುತ್ತದೆ.

ನಾನು ಪಶುವೈದ್ಯೆ, ಹುಬ್ಬಳ್ಳಿಯವಳು. ನನ್ನ ಗಂಡ ಮೈಸೂರಿನವರು, ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಮನೆ ಇರುವುದು ಸುಬಾಂಗ್ ಜಯಾದಲ್ಲಿ. ವಾರದ ಹೆಚ್ಚಿನ ದಿನ ಕ್ಲಿನಿಕ್ಕಿನಲ್ಲಿ ಬೆಕ್ಕು ನಾಯಿಗಳ ಜೊತೆ ಕಳೆಯುತ್ತೇನೆ. ಉಳಿದಂತೆ ಮೆಲಾಕಾ ದಾರಿಯಲ್ಲಿರುವ ಕೆಲವು ಸಾಕಣೆ ಕೇಂದ್ರಗಳಿಗೆ ಹೋಗಿ ಬರುತ್ತೇನೆ. ಅದರಲ್ಲೊಂದು ಜಿಂಕೆ ಫಾರ್ಮು. ಇಲ್ಲಿಯವರು ‘ರೂಸಾ’ ಎನ್ನುವ ಈ ಜಿಂಕೆ ನಮ್ಮ ಕಡವೆಯ ಚಿಕ್ಕ ತಂಗಿಯಂತಿದೆ. ಅದೇ ಕಂದು ಮೈ, ಅದೇ ದೊಡ್ಡ ಕಿವಿ, ಅದೇ ಪುಕ್ಕಲುತನ.

ಕಳೆದ ವರ್ಷ ನನಗೆ ಶ್ವಾಸಕೋಶದ ಸೋಂಕಾಗಿತ್ತು. ಆಸ್ಪತ್ರೆಯಿಂದ ಬದುಕಿ ಬಂದೆನೇನೋ ನಿಜ, ಉಸಿರು ಮಾತ್ರ ಅಲ್ಲೇ ಉಳಿದುಬಿಟ್ಟಿತ್ತು. ಲಿಫ್ಟ್ ಕೆಟ್ಟ ದಿನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಡಾಕ್ಟರು ಮೂರು ಬಣ್ಣದ ಗುಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು, ಉಸಿರೆಳೆದು ಗುಂಡುಗಳನ್ನು ಮೇಲೆತ್ತಲು ಹೇಳಿದ್ದರು. ಮಗಳು ಪಕ್ಕದಲ್ಲಿ ಕೂತು, “ಅಮ್ಮಾ, ಒನ್ ಮೋರ್ ಲಾ,” ಎಂದು ಹುರಿದುಂಬಿಸುತ್ತಿದ್ದಳು. ಮೂರನೆಯ ಗುಂಡು ಮಾತ್ರ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಕ್ಲಿನಿಕ್ಕಿಗೆ ಮತ್ತೆ ಹೋಗತೊಡಗಿದ್ದೆ, ಆದರೆ ಫಾರ್ಮುಗಳ ಕಡೆ ತಲೆ ಹಾಕಿರಲಿಲ್ಲ. ಇನ್ನು ಆ ಕೆಲಸ ಮುಗಿಯಿತೆಂದೇ ಒಳಗೊಳಗೆ ಅಂದುಕೊಂಡಿದ್ದೆ.

ಅಂಥ ದಿನಗಳಲ್ಲಿ ಜಿಂಕೆ ಫಾರ್ಮಿನ ಒಡತಿ ಫೋನ್ ಮಾಡಿದರು. ಅವರು ತಮಿಳಿನವರು, ವಯಸ್ಸಿನಲ್ಲಿ ಹಿರಿಯರು. ನಾನವರನ್ನು ಅಕ್ಕಾ ಎಂದೇ ಕರೆಯುವುದು. ಹುಲ್ಲಿನ ಹೊರೆ ಕಟ್ಟಿದ್ದ ನೈಲಾನ್ ಹಗ್ಗದ ಕುಣಿಕೆಯೊಂದು ಒಂದು ಹೆಣ್ಣು ಜಿಂಕೆಯ ಮೂತಿಗೆ ಸಿಕ್ಕಿಕೊಂಡು ಬಿಗಿದಿತ್ತು. ಬಾಯಿ ಬೆರಳಗಲ ಮಾತ್ರ ತೆರೆಯುತ್ತಿತ್ತು. ನೀರು ಹೇಗೋ ಹೀರುತ್ತಿತ್ತು, ಮೇಯಲು ಆಗುತ್ತಿರಲಿಲ್ಲ. ಅದಕ್ಕೊಂದು ಎಳೆಯ ಮರಿ ಬೇರೆ ಇತ್ತು. ತಾಯಿ ಮೇಯದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿಯೂ ಇಲ್ಲ. ದೊಡ್ಡಿಗೆ ಅಟ್ಟಲು ನೋಡಿದಾಗ ಅದು ಬೇಲಿಗೆ ಹೋಗಿ ಅಪ್ಪಳಿಸಿತ್ತಂತೆ. ಇಲ್ಲಿಯ ಸೆಕೆಯಲ್ಲಿ ಜಿಂಕೆಯನ್ನು ಬೆನ್ನಟ್ಟಿದರೆ ಹೆದರಿಕೆಗೇ ಅದರ ಸ್ನಾಯುಗಳು ಬೆಂದಂತಾಗಿ ಅದು ಸತ್ತುಹೋಗುತ್ತದೆ.

“ಕ್ಯಾನ್ ಆ, ಡಾಕ್ಟರ್?” ಎಂದರು ಅಕ್ಕ. ಈ ದೇಶದ ಅರ್ಧ ವ್ಯವಹಾರ ‘ಕ್ಯಾನ್’ ಎಂಬ ಒಂದೇ ಪದದ ಮೇಲೆ ನಡೆಯುತ್ತದೆ. ಆಗುತ್ತದಾ ಎಂದು ಕೇಳುವುದೂ ಅದರಲ್ಲೇ, ಆಗುತ್ತದೆ ಎನ್ನುವುದೂ ಅದರಲ್ಲೇ. ಇಂಥ ಕೆಲಸ ಬಲ್ಲ ನನ್ನ ಸಹೋದ್ಯೋಗಿ ರಜೆಯ ಮೇಲೆ ಹೋಗಿದ್ದ. ನಾನು ‘ಕ್ಯಾನ್’ ಎಂದುಬಿಟ್ಟೆ. ಫೋನಿಟ್ಟವಳೇ ಆ ಮೂರು ಗುಂಡುಗಳ ಡಬ್ಬಿಯನ್ನು ಕೈಗೆತ್ತಿಕೊಂಡೆ.

ಯಾಕೆಂದರೆ ಆ ಕೆಲಸ ನಡೆಯುವುದೇ ಉಸಿರಿನಿಂದ. ಮತ್ತಿನ ಔಷಧಿ ತುಂಬಿದ ಸೂಜಿಯನ್ನು ಹಾರಿಸಲು ಬಂದೂಕೂ ಇದೆ. ಆದರೆ ಅದರ ಸದ್ದಿಗೆ ಇಡೀ ಹಿಂಡು ದಿಕ್ಕಾಪಾಲಾಗುತ್ತದೆ, ಹತ್ತಿರದಿಂದ ಹೊಡೆದರೆ ಬಡಕಲು ಜೀವದ ಮೂಳೆಯೇ ಮುರಿದೀತು. ಉಳಿದದ್ದು ಉದ್ದನೆಯ ಕೊಳವೆ. ಅದರೊಳಗೆ ಸೂಜಿಯಿಟ್ಟು ಬಾಯಿಂದ ಊದುವುದು. ಈ ನೆಲದ ಕಾಡಿನ ಜನ ತಲೆತಲಾಂತರದಿಂದ ಬೇಟೆಗೆ ಬಳಸುತ್ತ ಬಂದ ‘ಸುಂಪಿತ್’ ಇದರ ಅಜ್ಜ. ನಾನು ಮಾತ್ರ ಮೊದಲ ದಿನದಿಂದಲೂ ಇದನ್ನು ಊದುಗೊಳವೆ ಎಂದೇ ಕರೆದವಳು. ಯಾಕೆಂದರೆ ಊದುವುದನ್ನು ನಾನು ಕಲಿತದ್ದು ಒಲೆಯ ಮುಂದೆ.

ಹುಬ್ಬಳ್ಳಿಯಲ್ಲಿ ನನ್ನ ದೊಡ್ಡವ್ವನದೊಂದು ಖಾನಾವಳಿ ಇತ್ತು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳು ಅವಳೇ. ಸಾಲಾಗಿ ಕಟ್ಟಿಗೆ ಒಲೆಗಳು, ಒಂದರ ಮೇಲೆ ರೊಟ್ಟಿಯ ಹಂಚು, ಇನ್ನೊಂದರ ಮೇಲೆ ಬೇಳೆ. ಮಳೆಗಾಲದಲ್ಲಿ ಹಸಿ ಜಾಲಿ ಕಟ್ಟಿಗೆ ಹೊತ್ತಲೊಲ್ಲದೆ ಬರೀ ಹೊಗೆಯಾಡುವಾಗ ನಾನು ಕಬ್ಬಿಣದ ಊದುಗೊಳವೆ ಹಿಡಿದು ಕೆನ್ನೆ ಬಲೂನಿನಂತೆ ಮಾಡಿಕೊಂಡು ಊದುತ್ತಿದ್ದೆ. ಬೂದಿಯೆಲ್ಲ ಹಾರಿ ಹಿಟ್ಟಿನ ಮೇಲೆ ಬೀಳುತ್ತಿತ್ತು. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು:

“ಗಲ್ಲಾ ಉಬ್ಬಸಬ್ಯಾಡ. ಗಲ್ಲದ ಗಾಳಿ ಬೂದಿ ಹಾರಸ್ತೈತಿ, ಹೊಟ್ಟಿ ಉಸಿರು ಬೆಂಕಿ ಹಚ್ಚತೈತಿ.”

ನಾನು ಮೆಟ್ರಿಕ್‌ನಲ್ಲಿದ್ದಾಗ ಒಂದು ಚಳಿಗಾಲ ನನಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಅಂದು ದೊಡ್ಡವ್ವ ಊದುಗೊಳವೆಯನ್ನು ನನ್ನ ಕೈಯಿಂದ ಕಸಿದುಕೊಂಡು, ಇನ್ನು ಮೇಲೆ ನೀನು ಒಲೆಯ ಮುಂದೆ ಕೂರಬಾರದು, ಹೊಗೆ ನನ್ನೊಬ್ಬಳಿಗೇ ಸಾಕು ಎಂದಳು. ನನ್ನ ಪುಸ್ತಕಗಳನ್ನು ಅಡುಗೆಮನೆಯಿಂದ ಎತ್ತಿ ಮಾಳಿಗೆಗೆ ಸಾಗಿಸಿದಳು. ನಾನು ಓದಿ ಡಾಕ್ಟರಾಗುವವರೆಗೂ, ಆದ ಮೇಲೂ, ಆ ಒಲೆಗಳನ್ನು ಊದಿದವಳು ಅವಳು. ಈಗ ಅವಳು ಹುಬ್ಬಳ್ಳಿಯಲ್ಲೇ ಮಗಳ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ. ಶ್ವಾಸಕೋಶ ಮಾತ್ರ ಹೊಗೆ ತಿಂದು ಸೋತಿದೆ. ಎರಡು ಮಾತಾಡಿದರೆ ಉಸಿರಿಗೆ ನಿಲ್ಲಬೇಕು. ಅವಳು ಹಾಗೆ ನಿಂತಾಗಲೆಲ್ಲ ಮಿಕ್ಕ ಮಾತನ್ನು ನಾನೇ ಹೇಳಿಬಿಡುತ್ತೇನೆ. ಅದಕ್ಕೆ ಅವಳು, ನಿನಗೆ ಫೋನ್ ಮಾಡಿದರೆ ನನ್ನ ಪಾಳಿಯೇ ಬರುವುದಿಲ್ಲ ಎನ್ನುತ್ತಾಳೆ.

ಮರವನ್ನು ಆರಿಸಿದ್ದು ನಾನೇ. ನೀರಿನ ತೊಟ್ಟಿಗೆ ಹತ್ತಿರವಾಗಿ ಒಂದು ಹಳೆಯ ಹಲಸಿನ ಮರವಿತ್ತು. ಜಿಂಕೆಗಳು ಬೆಳಿಗ್ಗೆ ಪಡುವಣದ ಎಣ್ಣೆತಾಳೆಯ ನೆರಳಿನಿಂದ ಹೊರಟು ನೀರಿಗೆ ಬರುತ್ತಿದ್ದವು. ಮರ ಮೂಡಣದಲ್ಲಿದ್ದದ್ದರಿಂದ ಸೂರ್ಯ ನನ್ನ ಬೆನ್ನಿಗಿರುತ್ತಿದ್ದ, ಅವುಗಳ ಕಣ್ಣಿಗೆ ಬೆಳಕು ಕುಕ್ಕುತ್ತಿತ್ತು. ಬೆಳಗಿನ ಗಾಳಿಯೂ ಅವುಗಳ ಕಡೆಯಿಂದ ನನ್ನ ಕಡೆಗೇ ಬೀಸುತ್ತಿತ್ತು. ಕೊಳವೆಯಿಂದ ಊದಿದ ಸೂಜಿ ಬಹಳ ದೂರ ಹೋಗದ ಕಾರಣ ಎತ್ತರ ಹೆಚ್ಚಾಗಬಾರದು. ಜಿಂಕೆಯ ಕಣ್ಣಳತೆಗಿಂತ ಮೇಲಿದ್ದರೆ ಸಾಕು. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹಾಕುವಂಥ ಅಟ್ಟಣಿಗೆಯೊಂದನ್ನು ಕವಲಿನ ನಡುವೆ ಕಟ್ಟಿಸಿದೆವು. ಎರಡು ದಿನ ಅದನ್ನು ಹಾಗೇ ಬಿಟ್ಟೆವು, ಜಿಂಕೆಗಳಿಗೆ ಅಭ್ಯಾಸವಾಗಲಿ ಎಂದು. ಅಷ್ಟು ಕಾಯುವುದೇ ನನಗೆ ಕಷ್ಟವಾಯಿತು, ಮೂತಿ ಕಟ್ಟಿಸಿಕೊಂಡ ಜೀವಕ್ಕೆ ಹೇಗಾಗಿರಬೇಕು.

ಮೊದಲ ಬೆಳಗು ಹಾಳಾದದ್ದು ನನ್ನ ಗಂಡನ ಪ್ರೀತಿಯಿಂದ. ಬೆಳಗಿನ ಜಾವ ಹೊರಡುವಾಗ, ಮರ ಹತ್ತಿದ ಮೇಲೆ ನನಗೆ ಉಸಿರು ಕಟ್ಟೀತೆಂಬ ಭಯಕ್ಕೆ, ಅವರು ನನ್ನ ಅಂಗಿಯ ಕೊರಳಿಗೂ ಕರ್ಚೀಫಿಗೂ ಊಟಿಯಿಂದ ತಂದಿದ್ದ ನೀಲಗಿರಿ ಎಣ್ಣೆ ಸುರಿದಿದ್ದರು. ನಮ್ಮ ಮಂದಿಗೆ ನೆಗಡಿಯಿಂದ ಹಿಡಿದು ನಿರಾಶೆಯವರೆಗೆ ಎಲ್ಲಕ್ಕೂ ಅದೇ ಮದ್ದು. ನನಗೂ ಹಿತವಾಗಿತ್ತು, ಬೇಡವೆನ್ನಲಿಲ್ಲ. ಸಾಕಿದ ಜಿಂಕೆಗಳಿಗೆ ಮನುಷ್ಯರ ವಾಸನೆ ಹೊಸದಲ್ಲ, ಆದರೆ ಊಟಿಯನ್ನು ಅವು ಕಂಡಿರಲಿಲ್ಲ. ಹಿಂಡು ತೊಟ್ಟಿಯ ಹತ್ತಿರ ಬಂದಾಗ ಗಾಳಿ ಒಂದು ಗಳಿಗೆ ತಿರುಗಿತು. ಎಲ್ಲ ಮೂಗುಗಳೂ ಒಟ್ಟಿಗೆ ಮೇಲೆದ್ದವು. ಮುಂದಿನ ಕ್ಷಣ ಅಲ್ಲಿ ಬರೀ ಧೂಳು.

ಫಾರ್ಮಿನ ಹತ್ತಿರದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ, ಪರೋಟದಂಥ ರೊಟ್ಟಿ ಚನಾಯ್ ಮುಂದಿಟ್ಟುಕೊಂಡು ಗಂಡನಿಗೆ ಸರಿಯಾಗಿ ಬೈದೆ. ಊದೋದನ್ನು ಕೊಟ್ಟು ಬಾರಿಸೋದನ್ನು ತಗೊಂಡ ಹಾಗಾಯ್ತು ನಿಮ್ಮ ಉಪಚಾರ ಎಂದೆ. ಅವರು ಚಹಾದ ಲೋಟ ಸರಿಸಿಟ್ಟು ಮೆಲ್ಲಗೆ ಹೇಳಿದರು:

“ಮರದ ಮೇಲೆ ನಿಂಗೆ ಉಸಿರು ಕಟ್ಟಿದ್ರೆ, ಕೆಳಗೆ ನಿಂತ್ಕೊಂಡು ನಾನೇನ್ ಮಾಡ್ಲಿ ಹೇಳು. ಆಸ್ಪತ್ರೇಲಿ ಒಂದ್ಸಲ ನೋಡಿದೀನಿ. ಅದಕ್ಕೇ ಹಚ್ಚಿದ್ದು.”

ಆ ದಿನಗಳಲ್ಲಿ ನಾನು ಮಲಗಿದ್ದೆ, ಅವರು ಎಚ್ಚರವಾಗಿದ್ದರು. ಭಯ ಪಟ್ಟವರು ಅವರು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರ ತಟ್ಟೆಗೆ ನನ್ನ ರೊಟ್ಟಿಯ ಅರ್ಧ ಹಾಕಿದೆ. ನಮ್ಮಲ್ಲಿ ಕ್ಷಮೆ ಕೇಳುವುದೆಂದರೆ ಅಷ್ಟೇ.

ಮರುದಿನ ಎಣ್ಣೆಯಿಲ್ಲ, ಹೂವಿಲ್ಲ, ಸೋಪೂ ಇಲ್ಲ. ಅಟ್ಟಣಿಗೆ ಹತ್ತಿದ ಮೇಲೆ ಉಸಿರು ತಹಬಂದಿಗೆ ಬರಲು ಬಹಳ ಹೊತ್ತು ಹಿಡಿಯಿತು. ಗಂಡ ಮತ್ತು ಅಕ್ಕ ದೂರದ ಮೇವಿನ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದರು. ಬೆಳಕು ಹರಿಯಿತು. ತಾಳೆಮರಗಳ ನಡುವಿನ ಮಂಜು ತೆಳುವಾಯಿತು. ಇರುವೆಯೊಂದು ನನ್ನ ಕುತ್ತಿಗೆಯನ್ನು ಸಾವಕಾಶವಾಗಿ ಸುತ್ತು ಹಾಕಿತು, ಅದಕ್ಕೂ ನಾನು ಕೈಯೆತ್ತಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಗನ್ನು ಹಾಗೆ ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಈ ಬೆಳಗನ್ನು ನೋಡಲು ಉಳಿದಿದ್ದೇನಲ್ಲ ಎಂದು ಖುಷಿಯಾಯಿತು.

ಹಿಂಡು ಬಂದು ನೀರು ಕುಡಿದು ಹೋಯಿತು. ಕೊನೆಗೆ ಅದೊಂದೇ ಬಂತು. ಪಕ್ಕೆಲುಬು ಎಣಿಸುವ ಹಾಗಿತ್ತು. ಮರಿಯನ್ನು ಹುಲ್ಲಿನೊಳಗೆ ಬಿಟ್ಟು ಬಂದಿತ್ತು. ನೀಲಿ ಹಗ್ಗ ಮೂತಿಯ ಚರ್ಮದೊಳಗೆ ಇಳಿದಿತ್ತು. ಅದು ಹೀರಿದ ನೀರಿನಲ್ಲಿ ಅರ್ಧ ಆಚೀಚೆಯಿಂದ ಸುರಿದುಹೋಗುತ್ತಿತ್ತು. ಕುಡಿಯುತ್ತ ಕುಡಿಯುತ್ತ ನನಗೆ ಪಕ್ಕವಾಗಿ ತಿರುಗಿತು. ತೊಡೆ ಪೂರ್ತಿ ಕಾಣುತ್ತಿತ್ತು.

ಕೊಳವೆಯನ್ನು ಬಾಯಿಗಿಟ್ಟೆ. ಉಸಿರೆಳೆದೆ. ಎದೆಯೊಳಗೆ ಸಣ್ಣಗೆ ಸೀಟಿ ಹೊಡೆಯಿತು. ನನ್ನ ಕೆನ್ನೆಗಳು ತಾವಾಗಿಯೇ ಉಬ್ಬಿದ್ದವು. ಜಿಂಕೆಯ ಒಂದು ಕಿವಿ ನನ್ನತ್ತ ತಿರುಗಿತು. ಆಗ ಊದಿದ್ದರೆ ಸೂಜಿ ತೊಟ್ಟಿಯ ಈಚೆಗೇ ಬೀಳುತ್ತಿತ್ತು, ಜಿಂಕೆ ಇನ್ನೆಂದೂ ಆ ಮರದ ಹತ್ತಿರ ಬರುತ್ತಿರಲಿಲ್ಲ. ಅದಕ್ಕೆ ಇನ್ನೊಂದು ದಿನ ಕಾಯುವಷ್ಟು ಮೈಯೂ ಉಳಿದಿರಲಿಲ್ಲ. ಗಲ್ಲಾ ಉಬ್ಬಸಬ್ಯಾಡ. ಆ ಮಾತು ನೆನಪಾಗುವ ಮೊದಲೇ ಕೆನ್ನೆ ಇಳಿದಿತ್ತು. ಉಸಿರನ್ನು ಮೆಲ್ಲಗೆ ಮೂಗಿನಿಂದ ಬಿಟ್ಟು ಕಾದೆ. ಜಿಂಕೆಯೂ ಕಾಯಿತು. ಅದರ ಕಿವಿ ಸಡಿಲವಾಯಿತು, ಮೂತಿ ಮತ್ತೆ ನೀರಿಗಿಳಿಯಿತು. ಈ ಸಲ ಹೊಟ್ಟೆಯ ತಳದಿಂದ ಉಸಿರು ತುಂಬಿಕೊಂಡೆ. ಒಲೆಗೆ ಉದ್ದನೆಯ ಉಸಿರು ಬೇಕು, ಸೂಜಿಗೆ ಗಿಡ್ಡನೆಯದು. ಹುಟ್ಟುವ ಜಾಗ ಮಾತ್ರ ಎರಡಕ್ಕೂ ಒಂದೇ.

ಠುಸ್ ಎಂದು ಸಣ್ಣ ಸದ್ದು. ಸೂಜಿಯ ಕೆಂಪು ಗೊಂಡೆ ಅದರ ತೊಡೆಯ ಮೇಲೆ ನಿಂತಿತ್ತು.

ಅದು ಎಗರಿ ನಾಲ್ಕು ನೆಗೆತ ಓಡಿ ನಿಂತಿತು. ಏನೋ ಕಚ್ಚಿತು ಎಂಬಂತೆ ಹಿಂತಿರುಗಿ ನೋಡಿತು. ಆಮೇಲೆ ತಲೆ ತೂಗತೊಡಗಿತು, ಮೊಣಕಾಲು ಮಡಿಸಿ ನೆಲಕ್ಕೆ ಕೂತಿತು. ನಾನು ಮರದಿಂದ ಇಳಿದದ್ದು ಹೇಗೆಂದು ಈಗ ಕೇಳಿದರೆ ಗೊತ್ತಿಲ್ಲ. ಗಂಡ ತಮ್ಮ ಹಳೆಯ ಪಂಚೆಯನ್ನು ಅದರ ಕಣ್ಣಿಗೆ ಕಟ್ಟಿದರು. ಅಕ್ಕ ಮೈ ಕಾಯದಂತೆ ನೀರು ಹಾಕುತ್ತ, ತಮಿಳಿನಲ್ಲಿ ಅದಕ್ಕೆ ಸಮಾಧಾನ ಹೇಳುತ್ತ ಕೂತರು. ಹಗ್ಗ ಕತ್ತರಿಸಿದೆ, ಗಾಯ ತೊಳೆದೆ, ಮತ್ತಿಳಿಸುವ ಔಷಧಿ ಕೊಟ್ಟು ಎಲ್ಲರನ್ನೂ ಹಿಂದಕ್ಕೆ ಸರಿಸಿದೆ.

ಅದು ಎದ್ದು ತೂರಾಡಿ ನಿಂತು ಬರಿದೇ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ನಂಬಿಕೆ ಬರಲಿಲ್ಲವೇನೋ. ಬಿದ್ದಿದ್ದ ಹಲಸಿನ ಎಲೆಯೊಂದನ್ನು ಕಚ್ಚಿ ನಿಧಾನವಾಗಿ ಅಗಿಯತೊಡಗಿತು. ಹುಲ್ಲು ಅಲುಗಿ ಮರಿ ಹೊರಗೆ ಬಂತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಕ್ಕ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಗಂಡ ಕಣ್ಣೊರೆಸಿಕೊಂಡು, ಧೂಳು ಎಂದರು.

ಹೊರಡುವ ಮೊದಲು, ಆ ಹಲಸಿನ ಮರದ ಬುಡದಲ್ಲಿ ಕೂತು ದೊಡ್ಡವ್ವನಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ಆಗಿನ್ನೂ ಬೆಳಗಾಗುತ್ತಿತ್ತು. ಜಿಂಕೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, ಎಂದೂ ಹೇಳಿರದ ಮಾತನ್ನೂ ಹೇಳಿದೆ. “ದೊಡ್ಡವ್ವಾ, ಅವತ್ತು ನೀ ನನ್ನ ಕೈಯಾಗಿಂದ ಊದುಗೊಳವಿ ಕಸಗೊಳ್ಳದಿದ್ರ ನನಗ ಇವತ್ತು ಊದಾಕ ಉಸಿರು ಇರತಿದ್ದಿಲ್ಲ. ನಿನ್ನ ಉಸಿರು ಕೊಟ್ಟು ನನ್ನದು ಉಳಿಸೀದಿ.”

ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಅವಳಿಗೆ ಉಸಿರು ಸಿಗುತ್ತಿಲ್ಲ ಎಂದುಕೊಂಡೆ. ಎಂದಿನಂತೆ ಅವಳ ಮಾತನ್ನು ನಾನೇ ಆಡಲು ಬಾಯಿ ತೆರೆದೆ. ಆದರೆ ಹಲಸಿನ ಮರದ ಕೆಳಗೆ ಕೂತಿದ್ದೆನಲ್ಲ, ಬಾಯಿ ಮುಚ್ಚಿಕೊಂಡು ಕಾದೆ. ತೊಟ್ಟಿಯ ಹತ್ತಿರ ಮರಿ ತಾಯಿಯ ಹೊಟ್ಟೆಗೆ ತಲೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಅದನ್ನೇ ನೋಡುತ್ತ ಕಾದೆ.

“ಉಸಿರು ಸಾಲದಕ್ಕ ಸುಮ್ಮನಾಗಿಲ್ಲವ್ವಾ,” ಎಂದಳು ದೊಡ್ಡವ್ವ, ಕಡೆಗೊಮ್ಮೆ. ಸ್ವಲ್ಪ ತಡೆದು ಮತ್ತೆ ಹೇಳಿದಳು:

“ನಿನ್ನ ಉಸಿರು ಕೇಳಾಕತ್ತಿದ್ದೆ. ಚಲೋ ಐತಿ.”