ಡಾಕ್ಟರಮ್ಮ ನೋಡದ ಕಾಲು

ಫೋನಿನಲ್ಲೇ ಡಾಕ್ಟರನ್ನು ಕಾಣುವ ಸೌಲಭ್ಯ ಎಲ್ಲರ ಕೈಗೂ ಎಟುಕಬೇಕು, ಅದಕ್ಕೊಂದು ಕಾನೂನೇ ಆಗಬೇಕು ಎಂದು ಮೊನ್ನೆ ಸಂಜೆ ಟೀವಿಯಲ್ಲಿ ಚರ್ಚೆ ನಡೆದಿತ್ತು. ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುತ್ತಿದ್ದೆ. ಮಂಚದ ಮೇಲಿದ್ದ ನಮ್ಮತ್ತೆ, "ಆಗ್ಲಿ ಬಿಡು. ಮೆಟ್ಟಿಲು ಇಳೀಲಾರದೋರು ಊರಲ್ಲಿ ಎಷ್ಟು ಜನ ಇದಾರೋ," ಎಂದರು. ಅಂದವರೇ ಎಡಗಾಲನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆ ಕಾಲಿನಲ್ಲಿ ಈಗ ಕಿರುಬೆರಳಿಲ್ಲ.

ತಮಿಳು ಸೀಮೆಯ ವೆಸ್ಟ್ ಮಾಂಬಲಂನಲ್ಲಿ ನಮ್ಮದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಮಂಡಿನೋವಿನ ಅತ್ತೆಗೆ ದಿನಕ್ಕೆ ಒಂದು ಸಲ ಇಳಿದು ಹತ್ತುವಷ್ಟೇ ಶಕ್ತಿ. ಅದನ್ನು ಅವರು ಸಂಜೆಗೆಂದು ಎತ್ತಿಟ್ಟುಕೊಳ್ಳುತ್ತಿದ್ದರು. ಗಲ್ಲಿಯ ತುದಿಯಲ್ಲಿ ಸೊಪ್ಪಿನವಳ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತು, ಮುರುಕು ತಮಿಳಿನಲ್ಲಿ ಅವಳ ಸೊಪ್ಪನ್ನೆಲ್ಲ ಹಳಿದು, ಕೊನೆಗೆ ಅವಳ ಹತ್ತಿರವೇ ಎರಡು ಕಟ್ಟು ಕೊಂಡು ಬರುವುದು. ಸಕ್ಕರೆ ಕಾಯಿಲೆಗೆಂದು ಕ್ಲಿನಿಕ್ಕಿಗೆ ಹೋದ ದಿನ ಈ ಸಂಜೆ ಇಲ್ಲ. ಅಲ್ಲಿಯ ಡಾಕ್ಟರು ಒಳ್ಳೆಯವರೇ, ಆದರೆ ತಮಿಳು. ಅತ್ತೆ "ಕಾಲು ಜುಮ್ಮು ಹಿಡಿಯುತ್ತೆ, ಆಮೇಲೆ ಚುರುಚುರು ಅನ್ನುತ್ತೆ" ಅಂದರೆ ನಾನು ಎಲ್ಲವನ್ನೂ "ವಲಿ", ಅಂದರೆ ನೋವು, ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. "ನಾನು ಅಷ್ಟುದ್ದ ಹೇಳಿದ್ದು, ನೀನು ಇಷ್ಟೇನಾ ಹೇಳೋದು?" ಎಂದು ಆಟೋದಲ್ಲಿ ಬೈಸಿಕೊಳ್ಳುತ್ತಿದ್ದೆ.

ಹಾಗಾಗಿ, ಫೋನಿನ ಸಲಹೆಗೂ ವಿಮೆ ಸಿಗುತ್ತದೆ ಎಂದು ನಮ್ಮ ಮನೆಯವರ ಆಫೀಸಿನಲ್ಲಿ ನಿಯಮ ಬಂದಾಗ ಹೆಚ್ಚು ಸಂತೋಷಪಟ್ಟವರು ಅತ್ತೆಯೇ. ಮೈಸೂರಿನ ಒಬ್ಬ ಡಾಕ್ಟರಮ್ಮ ಸಿಕ್ಕರು. ಜುಮ್ಮು ಅಂದರೆ ಜುಮ್ಮು ಎಂದೇ ತಿಳಿಯುವವರು.

ಕರೆಯ ದಿನ ಅತ್ತೆ ಬೆಳಿಗ್ಗೆಯೇ ಸ್ನಾನ ಮುಗಿಸಿ ಮಡಿಕೆ ಬಿಚ್ಚಿದ ಸೀರೆ ಉಡುತ್ತಿದ್ದರು. ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಜಾಡಿ ಒಳಗೆ ಹೋಗಬೇಕು, ಒಣಗಿದ ಬಟ್ಟೆ ಕುರ್ಚಿಯಿಂದ ಮಾಯವಾಗಬೇಕು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸುತ್ತಿದ್ದೆ. ಡಾಕ್ಟರಮ್ಮನ ಮುಖ ಮೂಡಿದ್ದೇ ತಡ, "ಬನ್ನಿ ಡಾಕ್ಟ್ರಮ್ಮ, ಕಾಫಿ ಆಯ್ತಾ?" ಅವರೂ ನಗುತ್ತ, "ನಿಮ್ಮನೇದು ಕೊಡಿ ಅಮ್ಮ, ಇಲ್ಲೀದು ನೀರು," ಎನ್ನುವರು. ನೋಡಲು ಚೆಂದವಾಗಿತ್ತು. ನಮ್ಮತ್ತೆಗೆ ಆಕೆ ನಿಜಕ್ಕೂ ಮನೆಗೆ ಬಂದ ಅತಿಥಿಯೇ ಆಗಿಬಿಟ್ಟಿದ್ದಾರೆಂದು ನಮಗೆ ಹೊಳೆಯಲಿಲ್ಲ.

ಆ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಮನೆ ಮೇಲಿನ ತಾರಸಿ ಹತ್ತಿ ಬರಿಗಾಲಿನಲ್ಲಿ ಸಂಡಿಗೆ ತಿರುವಿ ಹಾಕಿದ್ದರು. ಕಾಲಿಗೆ ಅರಿವು ಕಮ್ಮಿಯಾಗಿತ್ತು, ಸುಟ್ಟದ್ದು ಗೊತ್ತಾಗಲಿಲ್ಲ. ಕಿರುಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಮುಂದಿನ ಕರೆಯಲ್ಲಿ ನಾನೇ ವಿಷಯ ತೆಗೆದೆ. ಡಾಕ್ಟರಮ್ಮ ನಗು ನಿಲ್ಲಿಸಿ, "ಎಲ್ಲಿ, ಕ್ಯಾಮೆರಾ ಕಾಲಿನ ಹತ್ತಿರ ತನ್ನಿ," ಎಂದರು.

ಫೋನನ್ನು ಕೆಳಗಿಳಿಸಿದೆ. ಅತ್ತೆ ಸೀರೆಯ ಅಂಚನ್ನು ಪಾದದ ಮೇಲೆ ಎಳೆದು, ಅಂಗೈಯನ್ನು ಫೋನಿಗೆ ಅಡ್ಡ ಹಿಡಿದರು.

"ಎತ್ತೇ ಮೇಲಕ್ಕೆ! ಮನೆಗೆ ಬಂದೋರ ಮುಖಕ್ಕೆ ಕಾಲು ಹಿಡೀತಾರಾ ಯಾರಾದ್ರೂ?"

"ನನಗೇನೂ ಬೇಜಾರಿಲ್ಲಮ್ಮ, ತೋರಿಸಿ," ಎಂದಿತು ನನ್ನ ಕೈಯಲ್ಲಿದ್ದ ಮುಖ.

"ನಿಮಗಿಲ್ಲ ಡಾಕ್ಟ್ರಮ್ಮ, ನನಗಿದೆಯಲ್ಲ. ಆಗಲೇ ಒಣಗ್ತಿದೆ. ಅರಿಶಿನ ಹಾಕಿದೀನಿ."

ಒಣಗದಿದ್ದರೆ ಎರಡೇ ದಿನದಲ್ಲಿ ಹತ್ತಿರದ ಯಾರಿಗಾದರೂ ತೋರಿಸಿ ಎಂದು ಅವರು ಒತ್ತಿ ಹೇಳಿದರು. ಆಮೇಲೆ ಅತ್ತೆಯನ್ನು ಕೇಳಿದೆ, "ಕ್ಲಿನಿಕ್ಕಿನಲ್ಲಾದರೆ ತೋರಿಸ್ತಿದ್ರಲ್ಲ?"

"ಅಲ್ಲಿ ಅವರಾಗೇ ಬಗ್ಗಿ ನೋಡ್ತಾರೆ, ಅದು ಅವರ ಕೆಲಸ. ಇಲ್ಲಿ ನಾವು ಅವರ ಮುಖ ತಗೊಂಡುಹೋಗಿ ಕಾಲ ಬುಡಕ್ಕೆ ಇಡೋದು. ಥೂ."

ನಾನು ನಕ್ಕುಬಿಟ್ಟೆ. ಮನೆಯವರಿಗೂ ಹೇಳಿ ನಗಿಸಿದೆ. ಅತ್ತೆ ಬಚ್ಚಲುಮನೆಯಲ್ಲಿ ತಾವೇ ಗಾಯದ ಬಟ್ಟೆ ಬದಲಿಸಿಕೊಳ್ಳುತ್ತಿದ್ದರು, ಕೇಳಿದಾಗಲೆಲ್ಲ "ವಾಸಿ" ಎನ್ನುತ್ತಿದ್ದರು. ನೋವೇ ಇರಲಿಲ್ಲವಾದ್ದರಿಂದ ಅವರ ಪಾಲಿಗೆ ಅದು ಸುಳ್ಳೂ ಅಲ್ಲ. ಸಂಜೆ ಸೊಪ್ಪಿಗೂ ಹೋಗುತ್ತಿದ್ದರು. ಕೊನೆಗೆ ಒಂದು ದಿನ ಹಾಸಿಗೆ ಮಡಿಚುವಾಗ ನನಗೆ ವಾಸನೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯದ ಬಟ್ಟೆ ಬಿಚ್ಚಿ, "ಇವ್ವಳವು ನಾಳ್ ಎನ್ನಮ್ಮ ಪಣ್ಣೀಂಗ?" ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಬೆರಳು ತೆಗೆದರು. ಕಾಲು ಉಳಿಯಿತು, ಅದೇ ದೊಡ್ಡದು ಎಂದರು. ಆದರೆ ಮೆಟ್ಟಿಲ ಮೇಲೆ ಸಮತೋಲ ತಪ್ಪುತ್ತದೆ, ಅತ್ತೆ ಇಳಿಯುವುದು ನಿಂತಿತು.

ಮನೆಗೆ ಬಂದ ಮೇಲೆ ಮೈಸೂರಿನ ಡಾಕ್ಟರಮ್ಮ ಹೊಲಿಗೆ ನೋಡಬೇಕೆಂದರು. ಅಷ್ಟಾದ ಮೇಲೂ ಅತ್ತೆಯ ಕೈ ಸೀರೆಯಂಚಿಗೆ ಹೋಯಿತು. ಕಣ್ಣಲ್ಲಿ ನೀರು, ಆದರೂ ಅಂಚು ಬಿಡಲೊಲ್ಲರು. ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಯಾವತ್ತಿನಂತೆ ತಮಿಳಿನಲ್ಲಿ, "ಫೋಟೋ ಎಡುತ್ತು ಅನುಪ್ಪಲಾಮೇ, ಅಜ್ಜಿ?" ಎಂದಳು. ಫೋಟೋ ತೆಗೆದು ಕಳಿಸಬಹುದಲ್ಲ ಎಂದು.

ಅತ್ತೆ ತಲೆಯೆತ್ತಿದರು. "ಫೋಟೋ ತೆಗೆಯೋವಾಗ ಅವರು ಅದರಲ್ಲಿ ಇರ್ತಾರಾ?"

"ಇಲ್ಲ. ಕರೆ ಮುಗಿಸಿ ತೆಗೀತೀವಿ," ಎಂದೆ ನಾನು.

"ಹಾಗಾದ್ರೆ ಅದಕ್ಕೇನಂತೆ, ತೆಗಿ."

ಕಾಲ ಕೆಳಗೆ ಪೇಪರು ಹಾಸಲು ಹೋದೆ. ಅಕ್ಷರ ತುಳಿಯಬಾರದೆಂದು ಅದನ್ನು ತೆಗೆಸಿ ಹಳೇ ಟವೆಲು ಹಾಸಿಸಿಕೊಂಡರು. ಅಂಚನ್ನು ತಾವೇ ಮೇಲೆತ್ತಿದರು. ಮಗಳು ಮೇಲಿನಿಂದ, ಪಕ್ಕದಿಂದ ತೆಗೆದು ಕಳಿಸಿದಳು. ಅದು ಮುಗಿಯಲು ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಬೊಬ್ಬೆ ಎದ್ದ ವಾರವೂ ಇದೇ ಫೋನು, ಇದೇ ಮಗಳು, ಇದೇ ಟವೆಲು ಮನೆಯಲ್ಲಿದ್ದವು. ಅತ್ತೆ ಫೋನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕಾನೂನು ಬರಲಿ, ಬೇಗ ಬರಲಿ ಎಂದೇ ನಾನೂ ಅನ್ನುತ್ತೇನೆ. ಅಗ್ಗವಾಗಲಿ, ಕನ್ನಡದಲ್ಲಿ ಸಿಗಲಿ. ಟೀವಿಯ ಚರ್ಚೆ ಮುಗಿಯುವ ಹೊತ್ತಿಗೆ ಕೆಳಗಿನಿಂದ ಸೊಪ್ಪಿನವಳ ಕೂಗು ಕೇಳಿತು. ಈಗ ನಮ್ಮ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಹಗ್ಗ ಎಳೆದುಕೊಂಡೆ. ಅತ್ತೆ ಬುಟ್ಟಿಯಿಂದ ಕಟ್ಟು ಎತ್ತಿ ಎಲೆ ತಿರುವಿ ನೋಡಿ, "ನಾನೇ ಹೋಗಿದ್ರೆ ಇದನ್ನ ತಗೊಳ್ತಾನೇ ಇರ್ಲಿಲ್ಲ," ಎಂದರು.