ಜಗದಾಂಬಾ ಅವರ ಕಂಟೇನರ್

ಬಸವೇಶ್ವರನಗರದ ಸಣ್ಣ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಜಗದಾಂಬಾ ಹನ್ನೊಂದು ವರ್ಷಗಳಿಂದ ರಿಪೋರ್ಟ್ ಕೊಡುತ್ತಾರೆ. ಸ್ಕ್ಯಾನ್ ನೋಡುವ ಡಾಕ್ಟರು ಊರಿನ ಇನ್ನೊಂದು ಕೊನೆಯ ಆಸ್ಪತ್ರೆಯಲ್ಲಿರುತ್ತಾರೆ. ಅವರು ಬರೆದದ್ದನ್ನು ತೆರೆಯಲು ವಿಪಿಎನ್ ಹಾಕಬೇಕು; ಅದು ಆಸ್ಪತ್ರೆಗೆ ಹೋಗುವ ಬೀಗವಿರುವ ದಾರಿ. ಹಾಕಿದ ಕೂಡಲೇ ಸೆಂಟರಿನ ಲಿನಕ್ಸ್ ಕಂಪ್ಯೂಟರಿನ ಎಲ್ಲ ಸಂಚಾರವೂ ಆ ದಾರಿ ಹಿಡಿಯುತ್ತಿತ್ತು. ಅದೇ ಕೋಣೆಯ ಪ್ರಿಂಟರು ಅದಕ್ಕೆ ಕಾಣದಾಗುತ್ತಿತ್ತು.

ರಿಪೋರ್ಟನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಲು ಆಸ್ಪತ್ರೆಯ ಅನುಮತಿಯಿರಲಿಲ್ಲ, ಪ್ರಿಂಟ್ ಮಾಡಬಹುದಿತ್ತು ಅಷ್ಟೆ. ಹಾಗಾಗಿ ಜಗದಾಂಬಾ ತಮ್ಮ ದುಂಡನೆಯ ಅಕ್ಷರದಲ್ಲಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿ, ವಿಪಿಎನ್ ತೆಗೆದು, ಮತ್ತೆ ಟೈಪ್ ಮಾಡುತ್ತಿದ್ದರು. ಬೇರೆ ದಾರಿಯಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಕಳೆದ ಆಷಾಢದಲ್ಲಿ ಪದ್ಮನಾಭ ಎಂಬವರ ಎಡ ಕಿಡ್ನಿಯ ಕಲ್ಲು ನೋಟ್‌ಬುಕ್ಕಿನಲ್ಲಿ ಬಲಕ್ಕೆ ಹೋಯಿತು. ಡಾಕ್ಟರು ಅದೇ ದಿನ ಹಿಡಿದರು. ಮಾಲೀಕರು ವಿಶ್ವಾರಾಧ್ಯ ದನಿಯೇರಿಸಲಿಲ್ಲ.

"ಇನ್ನೊಂದ್ಸಲ ಹಿಂಗಾದ್ರೆ ರಿಪೋರ್ಟ್ ಕೆಲ್ಸ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ ಜಗದಮ್ಮ."

ಆ ಮಧ್ಯಾಹ್ನ ಜಗದಾಂಬಾ ಬುತ್ತಿ ಬಿಚ್ಚಲಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮಾಲವಿಕಾಗೆ ಫೋನ್ ಮಾಡಿದರು.

"ಇಡೀ ಕಂಪ್ಯೂಟರ್‌ನ ಯಾಕೆ ನಮ್ಮಲ್ಲಿಗೆ ಕಳಿಸ್ತೀರಾ ಆಂಟಿ? ವಿಪಿಎನ್ ಮಾತ್ರ ಕಂಪ್ಯೂಟರ್ ಒಳಗೇ ಬೇರೆ ಡಬ್ಬಿ ಥರ ಇರೋ ಒಂದು ಕಂಟೇನರ್‌ನಲ್ಲಿ ಕೂರ್ಸಿ. ಒಂದು ಬ್ರೌಸರ್ ಅದ್ರ ಮೂಲಕ ಬರ್ಲಿ. ಮಿಕ್ಕಿದ್ದೆಲ್ಲ ನಿಮ್ಮಲ್ಲೇ ಇರುತ್ತೆ."

"ನಂಗೆ ಗೊತ್ತಿರೋದು ಸಾರಿನ ಪುಡಿ ಡಬ್ಬಿ ಕಣೇ."

"ಅದೂ ಹಂಗೇ. ಘಾಟು ಹೊರಗೆ ಬರ್ಬಾರ್ದು ಅಷ್ಟೇ! ಮೇಲ್ ಮಾಡ್ತೀನಿ, ಓದ್ಕೊಂಡು ಮಾಡಿ."

ಜಗದಾಂಬಾ ಒಂದೊಂದೇ ಸಾಲು ಓದಿ, ಒಂದೊಂದೇ ಆಜ್ಞೆ ಟೈಪ್ ಮಾಡಿದರು. ಕಂಟೇನರ್ ಎದ್ದಿತು, ವಿಪಿಎನ್ ಏಳಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಮೇಲನ್ನು ಬೆರಳಿಟ್ಟು ಓದುವಾಗ ತಾವು ಹಾರಿಸಿದ್ದ ಸಾಲು ಸಿಕ್ಕಿತು: ಕಂಟೇನರಿಗೆ ವಿಪಿಎನ್ ದಾರಿ ತೆರೆಯುವ ಟನಲ್ ಸಾಧನ ಬಳಸಲು ಅವರು ಅನುಮತಿಯನ್ನೇ ಕೊಟ್ಟಿರಲಿಲ್ಲ. ಬಾಗಿಲಿಲ್ಲದ ಕೋಣೆಯಲ್ಲಿ ವಿಪಿಎನ್ ಪಾಪ ಕಾಯುತ್ತಿತ್ತು.

ಸಾಲು ಸೇರಿಸಿದರು. ಬ್ರೌಸರಿನಲ್ಲಿ ಆಸ್ಪತ್ರೆಯ ಪುಟ ತೆರೆಯಿತು. ಪ್ರಿಂಟ್ ಒತ್ತಿದರು. ಪ್ರಿಂಟರು ಗೊರಗುಟ್ಟಿ, ಡಾಕ್ಟರ ಮಾತನ್ನು ಡಾಕ್ಟರು ಬರೆದಂತೆಯೇ ಹೊರಹಾಕಿತು.

ವಿಶ್ವಾರಾಧ್ಯ ಹಾಳೆ ಹಿಡಿದು ಪರದೆಯೊಂದಿಗೆ ಎರಡು ಸಲ ಹೋಲಿಸಿದರು.

"ಕೆಂಗೇರಿ ಬ್ರಾಂಚಲ್ಲೂ ಕೈಯಲ್ಲೇ ಬರ್ಕೊತಿದಾರೆ. ಬುಧವಾರ ಅಲ್ಲಿಗೂ ಹೋಗಿ ಇದನ್ನ ಹಾಕ್ಕೊಡ್ತೀರಾ?"

"ನಾಳೇನೇ ಹೋಗ್ತೀನಿ ಸಾರ್," ಎಂದರು ಜಗದಾಂಬಾ. "ಬುಧವಾರದವರ್ಗೂ ಕಾಯೋದ್ ಬೇಡ. ಅಷ್ಟ್ರಲ್ಲಿ ಅಲ್ಲಿ ಎಷ್ಟು ಜನಕ್ಕೆ ಬರ್ದಿರ್ತಾರೋ."